ಕ್ಷಮಿಸುವ ಮನೆ: ಒಂದು ಚಲಚ್ಚಿತ್ರದಿಂದ ಕಲಿಯತಕ್ಕ ಪಾಠ



ಚಲಚ್ಚಿತ್ರವೆಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಸಭೆಗಳ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುವರು. ಅವರ ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳಲಾರೆವು. ಹೊತ್ತನ್ನೂ ಹಣವನ್ನೂ ನುಂಗಿ, ನೋಡುವವರ ಮನಸ್ಸನ್ನು ಬರಿದು ಮಾಡಿ ಕಳುಹಿಸುವ ಚಿತ್ರಗಳು ಬಹಳ ಇರುವವು. ಆದರೆ ಈಗ ಹಳ್ಳಿಯ ಹುಡುಗನ ಕೈಯೊಳಗಿನ ದೂರವಾಣಿಯಲ್ಲಿಯೇ ಲೋಕದ ಚಿತ್ರಗಳೆಲ್ಲಾ ಬಂದು ನಿಂತಿರುವಾಗ, ನೋಡಬೇಡವೆಂದು ಹೇಳಿ ಬಾಗಿಲು ಮುಚ್ಚಿಬಿಟ್ಟ ಮಾತ್ರಕ್ಕೆ ನಮ್ಮ ಕೆಲಸವು ತೀರಲಿಲ್ಲ. ನೋಡಿದ್ದನ್ನು ತೂಗಿ ನೋಡುವದು ಹೇಗೆ, ಕಾಳನ್ನು ಇಟ್ಟುಕೊಂಡು ಹೊಟ್ಟನ್ನು ತೂರಿಬಿಡುವದು ಹೇಗೆ ಎಂಬದನ್ನು ಮಕ್ಕಳಿಗೆ ಕಲಿಸುವದು ತಂದೆತಾಯಿಗಳಿಗೂ ಉಪದೇಶಕರಿಗೂ ಸೇರಿದ ಕೆಲಸವಾಗಿದೆ. ಆದಕಾರಣ ಈ ಸಾರಿ ಯೌವನಸ್ಥರ ಪಾಠಕ್ಕಾಗಿ ನಾವು ಒಂದು ಚಲಚ್ಚಿತ್ರವನ್ನೇ ಆರಿಸಿಕೊಂಡಿರುವೆವು. ಅದು ಹದಿಹರೆಯದ ಒಬ್ಬ ಹುಡುಗನ ಮತ್ತು ಒಬ್ಬ ಹುಡುಗಿಯ ಪ್ರೀತಿಯ ಕಥೆ; ಆದರೆ ಅದರ ಬೇರು ಮನೆಯಲ್ಲಿಯೂ ಕ್ಷಮೆಯಲ್ಲಿಯೂ ಇಳಿದಿದೆ.

ಆ ಚಿತ್ರದ ಹೆಸರು ‘ಎ ವಾಕ್ ಟು ರಿಮೆಂಬರ್’. ನೆನಪಿನಲ್ಲಿ ಉಳಿಯತಕ್ಕ ನಡಿಗೆ ಎಂದು ಇದರ ಅರ್ಥ. ಅದು 2002ನೇ ಇಸವಿಯ ಜನವರಿ ತಿಂಗಳಲ್ಲಿ ಅಮೇರಿಕಾ ದೇಶದಲ್ಲಿ ತೆರೆ ಕಂಡಿತು. ಆಡಮ್ ಶ್ಯಾಂಕ್‌ಮನ್ ಎಂಬವರು ಅದನ್ನು ನಿರ್ದೇಶಿಸಿದರು. ಮ್ಯಾಂಡಿ ಮೂರ್ ಮತ್ತು ಶೇನ್ ವೆಸ್ಟ್ ಮುಖ್ಯ ಪಾತ್ರಗಳನ್ನು ವಹಿಸಿದರು. ಹುಡುಗಿಯ ತಂದೆಯಾಗಿ ಪೀಟರ್ ಕಯೋಟಿಯವರೂ ಹುಡುಗನ ತಾಯಿಯಾಗಿ ಡ್ಯಾರಿಲ್ ಹ್ಯಾನಾ ಅವರೂ ಅಭಿನಯಿಸಿದರು. ಕಥೆಯು ನಿಕೊಲಸ್ ಸ್ಪಾರ್ಕ್ಸ್ ಎಂಬ ಗ್ರಂಥಕರ್ತರು 1999ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿಯದು. ಅವರ ತಂಗಿಯು ಕ್ಯಾನ್ಸರ್ ರೋಗದಿಂದ ನರಳುತ್ತಿದ್ದಳು. ಆಕೆಯ ಗುಣವನ್ನೂ ಧೈರ್ಯವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಅವರು ಕಥಾನಾಯಕಿಯನ್ನು ಚಿತ್ರಿಸಿದರು. ಪುಸ್ತಕವು ಹೊರಬಿದ್ದ ಮರುವರುಷ, ಅಂದರೆ 2000ದಲ್ಲಿ, ಆ ತಂಗಿಯು ತೀರಿಕೊಂಡಳು. ಹೀಗಿರುವದರಿಂದ ಇದು ಬರೀ ಕಲ್ಪನೆಯಿಂದ ಹುಟ್ಟಿದ ಕಥೆಯಲ್ಲ, ದುಃಖವನ್ನು ಕಂಡ ಒಂದು ಮನೆಯಿಂದ ಬಂದದ್ದು ಎಂಬದನ್ನು ನಾವು ಮೊದಲು ತಿಳಿದುಕೊಳ್ಳಬೇಕು.

ಕಥೆಯ ಸ್ಥಳ

ಅಮೇರಿಕಾದ ಪೂರ್ವ ಕರಾವಳಿಯಲ್ಲಿ ಉತ್ತರ ಕ್ಯಾರೊಲೈನಾ ಎಂಬ ಸಂಸ್ಥಾನವಿದೆ. ಅಟ್ಲಾಂಟಿಕ್ ಸಮುದ್ರದ ದಡದಲ್ಲಿರುವ ಬೋಫರ್ಟ್ ಎಂಬದು ಅಲ್ಲಿಯ ಒಂದು ಚಿಕ್ಕ ರೇವು ಪಟ್ಟಣ. 1709ರಷ್ಟು ಹಿಂದೆಯೇ ಅದು ಸ್ಥಾಪಿತವಾಯಿತು. ಎಲ್ಲರೂ ಎಲ್ಲರನ್ನೂ ಬಲ್ಲ, ಆದಿತ್ಯವಾರ ದೇವಾಲಯಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂಬದು ಊರಿಗೆಲ್ಲಾ ಗೊತ್ತಾಗುವ ಸ್ಥಳವೆಂದು ಕಥೆಯಲ್ಲಿ ಅದು ತೋರುತ್ತದೆ. ನಮ್ಮ ಹಳ್ಳಿಯ ಸಭೆಗಳವರಿಗೆ ಇದು ಹೊಸದಲ್ಲ. ಕಾದಂಬರಿಯಲ್ಲಿ ಕಥೆಯು 1958ರಲ್ಲಿ ನಡೆಯುತ್ತದೆ; ಚಿತ್ರವನ್ನು ಮಾಡಿದವರು ಅದನ್ನು ತಮ್ಮ ಕಾಲಕ್ಕೆ ತಂದರು. ಚಿತ್ರವನ್ನು ತೆಗೆದದ್ದು ಅದೇ ಸಂಸ್ಥಾನದ ವಿಲ್ಮಿಂಗ್ಟನ್ ಪಟ್ಟಣದಲ್ಲಿ.

ಕಥೆಯ ಸಾರಾಂಶ

ಲ್ಯಾಂಡನ್ ಕಾರ್ಟರ್ ಎಂಬ ಹುಡುಗನು ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿದ್ದನು. ಅವನ ತಂದೆಯು ವೈದ್ಯನು; ಆದರೆ ಹೆಂಡತಿಯನ್ನೂ ಮಗನನ್ನೂ ಬಿಟ್ಟು ಬೇರೆ ಮನೆ ಮಾಡಿಕೊಂಡಿದ್ದನು. ತಾಯಿಯಾದ ಸಿಂಥಿಯಾ ಒಬ್ಬಳೇ ಮಗನನ್ನು ಸಾಕುತ್ತಿದ್ದಳು. ತಂದೆಯ ಹೆಸರೆತ್ತಿದರೆ ಹುಡುಗನ ಮುಖವು ಕಲ್ಲಾಗುತ್ತಿತ್ತು. ಮನೆಯಲ್ಲಿ ಸಿಕ್ಕದ ಗೌರವವನ್ನು ಅವನು ಬೀದಿಯ ಗೆಳೆಯರಲ್ಲಿ ಹುಡುಕಿದನು. ಒಂದು ರಾತ್ರಿ ಆ ಗೆಳೆಯರು ತಮ್ಮ ಗುಂಪಿಗೆ ಸೇರಬೇಕೆಂದು ಆಶಿಸಿದ ಕ್ಲೇ ಎಂಬ ಬಡಪಾಯಿ ಹುಡುಗನನ್ನು ಎತ್ತರದಿಂದ ನೀರಿಗೆ ಹಾರುವಂತೆ ಪ್ರೇರಿಸಿದರು. ಅವನು ಹಾರಿ ಬಲವಾದ ಪೆಟ್ಟು ತಿಂದನು. ಉಳಿದವರು ಓಡಿಹೋದರು, ಲ್ಯಾಂಡನನು ಸಿಕ್ಕಿಬಿದ್ದನು.

ಶಾಲೆಯ ಮುಖ್ಯೋಪಾಧ್ಯಾಯರು ಅವನನ್ನು ಹೊರಗೆ ಹಾಕಲಿಲ್ಲ. ಶಾಲೆಯನ್ನು ಶುಚಿ ಮಾಡುವವರೊಂದಿಗೆ ಕೆಲಸ ಮಾಡಬೇಕು, ಶನಿವಾರಗಳಲ್ಲಿ ಓದಿನಲ್ಲಿ ಹಿಂದುಳಿದ ಚಿಕ್ಕವರಿಗೆ ಪಾಠ ಹೇಳಬೇಕು, ಶಾಲೆಯ ನಾಟಕದಲ್ಲಿ ಪಾತ್ರ ವಹಿಸಬೇಕು ಎಂದು ಶಿಕ್ಷೆ ವಿಧಿಸಿದರು. ಅಲ್ಲಿ ಅವನಿಗೆ ಜೇಮೀ ಸಲಿವನ್ ಎಂಬ ಹುಡುಗಿಯ ಪರಿಚಯವಾಯಿತು. ಆಕೆ ಬ್ಯಾಪ್ಟಿಸ್ಟ್ ಸಭೆಯ ಬೋಧಕರಾದ ಹೆಗ್ಬರ್ಟ್ ಸಲಿವನ್ನರ ಒಬ್ಬಳೇ ಮಗಳು, ತಾಯಿಯಿಲ್ಲದವಳು. ಸಾದಾ ಉಡುಪು, ಕೈಯಲ್ಲಿ ಪುಸ್ತಕ, ನಕ್ಷತ್ರಗಳನ್ನು ನೋಡುವ ಹವ್ಯಾಸ, ಯಾರು ನಕ್ಕರೂ ಕದಲದ ಮನಸ್ಸು. ನಾಟಕದ ಮಾತುಗಳನ್ನು ಕಲಿಯಲು ಲ್ಯಾಂಡನನು ಆಕೆಯ ಸಹಾಯವನ್ನು ಬೇಡಿದಾಗ, ತನ್ನನ್ನು ಪ್ರೀತಿಸಕೂಡದೆಂದು ಆಕೆ ಮಾತು ತೆಗೆದುಕೊಂಡಳು. ಅವನು ನಕ್ಕುಬಿಟ್ಟನು.

ಮುಂದೆ ಅವನು ಮಾತಿಗೆ ತಪ್ಪಿದನು. ಗೆಳೆಯರು ಜೇಮೀಯನ್ನು ಅವಮಾನಪಡಿಸುವದಕ್ಕಾಗಿ ಆಕೆಯ ಮುಖವನ್ನು ಬೇರೆ ದೇಹಕ್ಕೆ ಅಂಟಿಸಿದ ಅಸಭ್ಯ ಚಿತ್ರವನ್ನು ಶಾಲೆಯಲ್ಲೆಲ್ಲಾ ಹಂಚಿದಾಗ, ಅವನು ಎಲ್ಲರ ಮುಂದೆ ಆಕೆಯ ಪಕ್ಕದಲ್ಲಿ ನಿಂತು ಆ ಗುಂಪನ್ನು ಬಿಟ್ಟುಬಿಟ್ಟನು. ಬೋಧಕರ ಬಳಿಗೆ ಹೋಗಿ, ಮಗಳನ್ನು ಊಟಕ್ಕೆ ಕರೆದುಕೊಂಡು ಹೋಗುವದಕ್ಕೆ ಅಪ್ಪಣೆ ಬೇಡಿದನು. ಇಬ್ಬರ ಪ್ರೀತಿಯು ಬಲವಾದ ಮೇಲೆ ಆಕೆ ತನ್ನ ಗುಟ್ಟನ್ನು ಹೇಳಿದಳು: ತನಗೆ ರಕ್ತದ ಕ್ಯಾನ್ಸರ್ ಇದೆ, ಎರಡು ವರುಷಗಳಿಂದ ಗೊತ್ತಿದೆ, ಔಷಧಗಳು ಫಲಿಸುವದು ನಿಂತುಹೋಗಿದೆ. ಲ್ಯಾಂಡನನು ಆ ರಾತ್ರಿಯೇ ತಾನು ದ್ವೇಷಿಸುತ್ತಿದ್ದ ತಂದೆಯ ಬಾಗಿಲನ್ನು ತಟ್ಟಿದನು.

ಕೊನೆಯಲ್ಲಿ, ಆಕೆಯ ತಂದೆತಾಯಿಗಳು ಮದುವೆಯಾಗಿದ್ದ ದೇವಾಲಯದಲ್ಲಿಯೇ ಇಬ್ಬರಿಗೂ ವಿವಾಹವಾಯಿತು. ಒಂದು ಬೇಸಿಗೆಯಷ್ಟು ಕಾಲ ಒಟ್ಟಿಗಿದ್ದರು. ಬಳಿಕ ಆಕೆ ತೀರಿಕೊಂಡಳು. ನಾಲ್ಕು ವರುಷಗಳ ತರುವಾಯ ಲ್ಯಾಂಡನನು ಮಾವನನ್ನು ಕಾಣುವದಕ್ಕೆ ಬಂದನು. ಗುರಿಯಿಲ್ಲದೆ ಅಲೆಯುತ್ತಿದ್ದವನು ಈಗ ವೈದ್ಯಶಾಲೆಯಲ್ಲಿ ಓದುವದಕ್ಕೆ ಸ್ಥಾನ ಪಡೆದಿದ್ದನು.

ಇಷ್ಟೇ ಕಥೆ. ಇನ್ನು ಇದರಲ್ಲಿ ಕಲಿಯತಕ್ಕವುಗಳನ್ನು ಒಂದೊಂದಾಗಿ ನೋಡೋಣ.

1. ತಪ್ಪನ್ನು ಒಪ್ಪಿಕೊಳ್ಳದೆ ಕ್ಷಮೆಯಿಲ್ಲ

ಕ್ಲೇ ಎಂಬ ಹುಡುಗನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಅವನನ್ನು ಅಲ್ಲಿಗೆ ಕಳುಹಿಸಿದವರು ಶಾಲೆಯಲ್ಲಿ ನಗುತ್ತಾ ತಿರುಗಾಡುತ್ತಿದ್ದರು. ಲ್ಯಾಂಡನನು ಶಿಕ್ಷೆಯನ್ನು ಅನುಭವಿಸಿದನು. ಆದರೆ ಶಿಕ್ಷೆ ಅನುಭವಿಸುವದು ಬೇರೆ, ಪಶ್ಚಾತ್ತಾಪಪಡುವದು ಬೇರೆ. ನೆಲವನ್ನು ಗುಡಿಸಿದ ಮಾತ್ರಕ್ಕೆ ಮನಸ್ಸು ಶುಚಿಯಾಗಲಿಲ್ಲ. ಬಹಳ ದಿನಗಳ ಮೇಲೆ ಅವನು ತಾನಾಗಿಯೇ ಕ್ಲೇಯ ಬಳಿಗೆ ಹೋಗಿ ತಪ್ಪಾಯಿತೆಂದು ಹೇಳಿದನು. ಚಿತ್ರದಲ್ಲಿ ಈ ದೃಶ್ಯವು ಚಿಕ್ಕದು. ಆದರೆ ಮುಂದಿನದೆಲ್ಲಾ ಇದರ ಮೇಲೆಯೇ ನಿಂತಿದೆ ಎಂದು ನಾವು ಎಣಿಸುವೆವು. ತಾನು ಕ್ಷಮೆ ಬೇಡಲು ಕಲಿಯದವನು ತಂದೆಯನ್ನು ಕ್ಷಮಿಸುವದಕ್ಕೆ ಹೇಗೆ ಕಲಿತಾನು?

ನಮ್ಮ ಊರುಗಳಲ್ಲಿ ತಪ್ಪು ಮಾಡಿದವನು ಪಂಚರ ಮುಂದೆ ದಂಡ ಕೊಟ್ಟು, ಅದರೊಡನೆ ಕಾರ್ಯ ಮುಗಿಯಿತೆಂದು ಎಣಿಸುವದುಂಟು. ನೋವುಂಡವನ ಮನೆಯ ಮೆಟ್ಟಲನ್ನು ಮಾತ್ರ ಅವನು ತುಳಿಯುವದಿಲ್ಲ. ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಕಾಣುವ ಜಕ್ಕಾಯನು ಹೀಗೆ ಮಾಡಲಿಲ್ಲ. ತಾನು ಯಾರಿಂದ ಕಿತ್ತುಕೊಂಡನೋ ಅವರಿಗೇ ತಿರುಗಿ ಕೊಡುವದಕ್ಕೆ ಮುಂದಾದನು. ಅರಿಕೆಯು ನೋವುಂಡವನ ಕಿವಿಗೆ ಮುಟ್ಟಬೇಕು.

ಇನ್ನೊಂದು ಮಾತು ಉಪಾಧ್ಯಾಯರಿಗೂ ಹಿರಿಯರಿಗೂ ಸೇರಿದ್ದು. ಆ ಮುಖ್ಯೋಪಾಧ್ಯಾಯರು ಹುಡುಗನನ್ನು ಶಾಲೆಯಿಂದ ತಳ್ಳಿಬಿಟ್ಟಿದ್ದರೆ ಅವನು ಅದೇ ಗೆಳೆಯರ ಬಳಿಗೆ ಹೋಗುತ್ತಿದ್ದನು. ಅವರು ಅವನ ಕೈಗೆ ಕೆಲಸ ಕೊಟ್ಟರು; ತನಗಿಂತ ಚಿಕ್ಕವರ ಪಕ್ಕದಲ್ಲಿ ಕೂರಿಸಿದರು. ಶಿಕ್ಷೆಯು ಮನುಷ್ಯನನ್ನು ಕೂಟದೊಳಗೆ ತರುವದಾಗಬೇಕೇ ಹೊರತು ಹೊರಗೆ ಹಾಕುವದಾಗಬಾರದು. ಹಳ್ಳಿಯ ಸಭೆಯಲ್ಲಿ ಒಬ್ಬ ಹುಡುಗನು ಜಾರಿಬಿದ್ದಾಗ ನಾವು ಅವನಿಗೆ ಮಾಡಲಿಕ್ಕೆ ಏನನ್ನಾದರೂ ಕೊಡುವೆವೋ, ಇಲ್ಲವೆ ಬೆರಳು ತೋರಿಸಿ ಸುಮ್ಮನಾಗುವೆವೋ?

2. ಗುಟ್ಟಿನ ಸ್ನೇಹವು ಸ್ನೇಹವಲ್ಲ

ಲ್ಯಾಂಡನನು ಮೊದಲು ಜೇಮೀಯ ಮನೆಗೆ ಹೋಗಿ ಸಹಾಯ ಪಡೆಯುತ್ತಿದ್ದನು. ಆದರೆ ಶಾಲೆಯಲ್ಲಿ ಗೆಳೆಯರ ಮುಂದೆ ಆಕೆ ಅವನನ್ನು ಮಾತಾಡಿಸಿದಾಗ, ಆಕೆಯನ್ನು ಹೀನವಾಗಿ ಕಂಡು ಎಲ್ಲರನ್ನೂ ನಗಿಸಿದನು. ಅದೇ ದಿನ ನಾಚಿಕೆಯಿಲ್ಲದೆ ತಿರುಗಿ ಆಕೆಯ ಬಾಗಿಲಿಗೆ ಬಂದನು. ಆಗ ಆಕೆ ಏನು ಮಾಡಿದಳು? ಅಳುತ್ತಾ ಒಳಕ್ಕೆ ಕರೆಯಲಿಲ್ಲ. ಬೈದು ಶಪಿಸಲೂ ಇಲ್ಲ. ಗುಟ್ಟಾಗಿ ಗೆಳೆಯನಾಗಿರಲು ಬಯಸುವವನು ತನಗೆ ಬೇಡವೆಂದು ಸ್ಪಷ್ಟವಾಗಿ ತಿಳಿಸಿ ಬಾಗಿಲು ಮುಚ್ಚಿದಳು.

ನಮ್ಮ ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ಗಮನಿಸಬೇಕೆಂಬದು ನಮ್ಮ ಬಿನ್ನಹ. ಕ್ಷಮಿಸುವದೆಂದರೆ ಅವಮಾನವನ್ನು ಮತ್ತೆ ಮತ್ತೆ ನುಂಗುವದಲ್ಲ. ಜೇಮೀ ಮುಂದೆ ಅವನನ್ನು ಪೂರ್ಣ ಮನಸ್ಸಿನಿಂದ ಕ್ಷಮಿಸಿದಳು. ಆದರೆ ಅವನು ಬೆಳಕಿನಲ್ಲಿ, ನಾಲ್ಕು ಜನರ ಮುಂದೆ ಆಕೆಯ ಪಕ್ಕದಲ್ಲಿ ನಿಲ್ಲುವದಕ್ಕೆ ಕಲಿತ ಮೇಲೆಯೇ ಆಕೆ ಅವನನ್ನು ನಂಬಿದಳು. ಕ್ಷಮೆಯನ್ನು ಒಬ್ಬರೇ ಕೊಡಬಹುದು. ನಂಬಿಕೆಯನ್ನು ಇಬ್ಬರೂ ಕೂಡಿ ಕಟ್ಟಬೇಕು. ಕತ್ತಲಾದ ಮೇಲೆ ಮಾತ್ರ ಸಿಹಿ ಮಾತಾಡಿ, ಹಗಲಿನಲ್ಲಿ ಗುರುತಿಲ್ಲದವನಂತೆ ನಡೆಯುವ ಹುಡುಗನನ್ನು ಯಾವ ಹುಡುಗಿಯೂ ನಂಬಕೂಡದು. ಅಪ್ಪಣೆ ಬೇಡುವದಕ್ಕೆ ಆಕೆಯ ತಂದೆಯ ಮುಂದೆ ನಿಂತ ದಿನ ಲ್ಯಾಂಡನನ ಪ್ರೀತಿಯು ಆಟವನ್ನು ಬಿಟ್ಟು ನಿಜವಾಯಿತು.

ಅಸಭ್ಯ ಚಿತ್ರದ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಆ ಕಾಲದಲ್ಲಿ ಅವರು ಕಾಗದದ ಮೇಲೆ ಅಚ್ಚು ಮಾಡಿ ಹಂಚಿದರು. ಈಗ ಅದೇ ನೀಚ ಕೆಲಸವನ್ನು ದೂರವಾಣಿಯ ಮೂಲಕ ಕ್ಷಣಮಾತ್ರದಲ್ಲಿ ಊರೂರಿಗೆ ಹರಡುತ್ತಾರೆ. ಹೀಗೆ ಮಾಡುವದು ಹುಡುಗಾಟವಲ್ಲ, ನಮ್ಮ ದೇಶದ ಕಾನೂನಿನ ಪ್ರಕಾರ ಅಪರಾಧವಾಗಿದೆ. ಅಂಥ ಚಿತ್ರವು ಕೈಗೆ ಬಂದಾಗ ಮುಂದಕ್ಕೆ ಕಳುಹಿಸದೆ ನಿಲ್ಲಿಸುವವನು ಒಬ್ಬ ಹುಡುಗಿಯ ಮಾನವನ್ನು ಉಳಿಸಿದವನಾಗುವನು.

3. ಹೊರಟುಹೋದ ತಂದೆಯೂ ಮನೆಯಲ್ಲಿದ್ದ ಮಗನೂ

ಈಗ ಕಥೆಯ ಹೃದಯಕ್ಕೆ ಬರುತ್ತೇವೆ. ಕಾದಂಬರಿಯಲ್ಲಿ ಲ್ಯಾಂಡನನ ತಂದೆತಾಯಿಗಳು ಬೇರ್ಪಟ್ಟವರಲ್ಲ. ತಂದೆಯು ರಾಷ್ಟ್ರದ ಶಾಸನಸಭೆಯ ಸದಸ್ಯನಾಗಿ ಬಹುಕಾಲ ರಾಜಧಾನಿಯಲ್ಲಿ ಇರುವವನು. ಚಿತ್ರವನ್ನು ಮಾಡಿದವರು ಅವನನ್ನು ಮನೆ ಬಿಟ್ಟ ವೈದ್ಯನನ್ನಾಗಿ ಮಾಡಿದರು. ಈ ಬದಲಾವಣೆಯಿಂದ ಹುಡುಗನ ಗಾಯವು ಆಳವಾಯಿತು, ಕ್ಷಮೆಯೂ ಕಠಿಣವಾಯಿತು.

ಲೂಕನ 15ನೇ ಅಧ್ಯಾಯದ ಸಾಮ್ಯವನ್ನು ನಮ್ಮ ಆದಿತ್ಯವಾರದ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಅಲ್ಲಿ ಮಗನು ಮನೆ ಬಿಟ್ಟುಹೋದನು, ತಂದೆಯು ದಾರಿ ಕಾಯುತ್ತಿದ್ದನು. ಈ ಕಥೆಯಲ್ಲಾದರೋ ಎಲ್ಲಾ ತಿರುಗುಮುರುಗಾಗಿದೆ. ಹೊರಟುಹೋದವನು ತಂದೆ, ಮನೆಯಲ್ಲಿ ಉಳಿದವನು ಮಗ. ತಂದೆಯು ತಪ್ಪು ಮಾಡಿದಾಗ ಮಗನು ಏನು ಮಾಡಬೇಕು? ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವೆವು. ಆದರೆ ಗೌರವಕ್ಕೆ ತಕ್ಕಂತೆ ನಡೆಯದ ತಂದೆಯಿಂದ ಗಾಯಗೊಂಡ ಮಗುವಿಗೆ ಏನು ಹೇಳಬೇಕೆಂದು ತಿಳಿಯದೆ ಸುಮ್ಮನಾಗುವೆವು. ಕುಡಿದು ಬಂದು ಹೊಡೆಯುವ ತಂದೆ, ಕೆಲಸಕ್ಕೆಂದು ಪಟ್ಟಣಕ್ಕೆ ಹೋಗಿ ಅಲ್ಲಿಯೇ ಬೇರೆ ಸಂಸಾರ ಹೂಡಿದ ತಂದೆ, ಇಂಥವರು ನಮ್ಮ ಹಳ್ಳಿಗಳಲ್ಲಿ ಇಲ್ಲವೋ? ಅವರ ಮಕ್ಕಳು ನಮ್ಮ ಸಭೆಯ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವದಿಲ್ಲವೋ?

ಲ್ಯಾಂಡನನ ಕ್ಷಮೆಯು ಒಂದೇ ದಿನದಲ್ಲಿ ಬರಲಿಲ್ಲ. ಜೇಮೀಯ ರೋಗದ ಸುದ್ದಿ ಕೇಳಿದ ರಾತ್ರಿ ಅವನು ತಂದೆಯ ಬಾಗಿಲಿಗೆ ಹೋದದ್ದು ಕ್ಷಮಿಸುವದಕ್ಕಲ್ಲ; ಬೇರೆ ಗತಿಯಿಲ್ಲದ್ದರಿಂದ. ಕೂಡಲೇ ಎದ್ದು ಬರಬೇಕೆಂದು ಕೇಳಿದನು. ರೋಗಿಯನ್ನು ನೋಡದೆ, ಹಿಂದಿನ ಚಿಕಿತ್ಸೆಯ ವಿವರವನ್ನು ತಿಳಿಯದೆ ತಾನು ಏನನ್ನೂ ಹೇಳಲಾರೆನೆಂದು ತಂದೆಯು ವೈದ್ಯನಿಗೆ ತಕ್ಕ ಉತ್ತರವನ್ನು ಕೊಟ್ಟನು. ಮಗನ ಕಿವಿಗೆ ಅದು ಹಳೆಯ ನಿರಾಕರಣೆಯಂತೆಯೇ ಕೇಳಿಸಿತು. ಅವನು ಸಿಟ್ಟಿನಿಂದ ಹೊರಟುಹೋದನು. ಹೀಗೆಯೇ ಅಲ್ಲವೇ ನಮ್ಮ ಮನೆಗಳಲ್ಲಿಯೂ ಆಗುವದು? ಒಡೆದ ಸಂಬಂಧದಲ್ಲಿ ನ್ಯಾಯವಾದ ಮಾತೂ ಕ್ರೂರವಾಗಿ ಕೇಳಿಸುತ್ತದೆ.

ಆದರೆ ತಂದೆಯು ಅಲ್ಲಿಗೇ ಬಿಡಲಿಲ್ಲ. ಜೇಮೀ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆಯದೆ ತನ್ನ ಮನೆಯಲ್ಲಿಯೇ ಇರುವ ಹಾಗೆ, ದಾದಿಯರ ಆರೈಕೆಯ ಖರ್ಚನ್ನೆಲ್ಲಾ ತಾನೇ ವಹಿಸಿಕೊಂಡನು. ಮಗನಿಗೆ ಹೇಳಿ ಹೊಗಳಿಸಿಕೊಳ್ಳಲಿಲ್ಲ. ಮಗನಿಗೆ ಅದು ಇತರರಿಂದ ತಿಳಿಯಿತು. ಆ ರಾತ್ರಿ ಲ್ಯಾಂಡನನು ಮತ್ತೆ ಅದೇ ಬಾಗಿಲನ್ನು ತಟ್ಟಿದನು. ಉಪಕಾರವಾಯಿತೆಂದು ಹೇಳಿದನು. ತಂದೆಯು ಅವನನ್ನು ಅಪ್ಪಿಕೊಂಡನು. ಮಗನು ಚಿಕ್ಕ ಮಗುವಿನಂತೆ ಅತ್ತನು. ಹಳೆಯ ಲೆಕ್ಕವನ್ನು ಯಾರೂ ತೆಗೆಯಲಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ನೋಡಿರಿ. ಮೊದಲನೆಯದು, ತಪ್ಪು ಮಾಡಿದ ತಂದೆಯು ಮಾತಿನಿಂದಲ್ಲ, ಕೃತ್ಯದಿಂದ ಹಿಂದಿರುಗಿದನು. ಎರಡನೆಯದು, ಮಗನು ಆ ಕೃತ್ಯವನ್ನು ಕಂಡಾಗ ಹಳೆಯ ಸಿಟ್ಟಿನ ಕಾರಣ ಅದನ್ನು ತಳ್ಳಿಹಾಕಲಿಲ್ಲ. ಎರಡೂ ಬೇಕು. ಒಬ್ಬರು ಕೈ ಚಾಚಿ ಮತ್ತೊಬ್ಬರು ಕೈ ಕಟ್ಟಿಕೊಂಡರೆ ಆ ಮನೆಯು ಕೂಡುವದಿಲ್ಲ.

ಈ ಭಾಗವನ್ನು ಬರೆಯುವಾಗ ನಮ್ಮ ಕೈ ತಡೆಯಿತು. ನಾವೂ ಯೌವನದಲ್ಲಿ ಒಂದು ಮಾತಿನ ಸಲುವಾಗಿ ತಂದೆಯವರೊಡನೆ ಮಾತು ಬಿಟ್ಟಿದ್ದೆವು. ಬೇಕಾದದ್ದನ್ನು ತಾಯಿಯವರ ಮೂಲಕ ಹೇಳಿಸುತ್ತಿದ್ದೆವು. ಒಮ್ಮೆ ಹಬ್ಬಕ್ಕೆ ಊರಿಗೆ ಹೋದಾಗ, ಕಾಲು ತೊಳೆಯಲು ನೀರಿನ ತಂಬಿಗೆಯನ್ನು ಹಿಡಿದು ಅಂಗಳದಲ್ಲಿ ನಿಂತವರು ತಾಯಿಯವರಲ್ಲ, ತಂದೆಯವರೇ. ಒಂದು ಕ್ಷಣ ನಾವು ನಿಂತೇ ಇದ್ದೆವು. ಬಳಿಕ ತಂಬಿಗೆಯನ್ನು ತೆಗೆದುಕೊಂಡೆವು. ಕ್ಷಮೆಯ ಮಾತನ್ನು ಇಬ್ಬರೂ ಆಡಲಿಲ್ಲ. ಆದರೆ ಆ ರಾತ್ರಿ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದೆವು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ತಂಬಿಗೆಯನ್ನು ತೆಗೆದುಕೊಳ್ಳದೆ ಒಳಕ್ಕೆ ಹೋಗಿದ್ದರೆ ನಮ್ಮ ಉಳಿದ ಆಯುಷ್ಯವು ಹೇಗೆ ಕಳೆಯುತ್ತಿತ್ತೋ ತಿಳಿಯದು. ಆದಕಾರಣ ಓದುವ ಯೌವನಸ್ಥನೇ, ನಿನ್ನ ಮುಂದೆ ಯಾರಾದರೂ ನೀರು ಹಿಡಿದು ನಿಂತಿದ್ದರೆ ತಡಮಾಡಬೇಡ.

ಆದರೂ ಒಂದು ಮಾತನ್ನು ಸೇರಿಸಲೇಬೇಕು. ಹೊಡೆತಬಡಿತವು ಇನ್ನೂ ನಡೆಯುತ್ತಿರುವ ಮನೆಗೆ ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಕ್ಷಮೆಯ ಹೆಸರಿನಲ್ಲಿ ದೂಡಿ ಕಳುಹಿಸುವದು ನಮ್ಮ ಉಪದೇಶವಲ್ಲ. ಮೊದಲು ಅವರ ಪ್ರಾಣಕ್ಕೆ ಕ್ಷೇಮ ಬೇಕು. ಈ ಕಥೆಯ ತಂದೆಯು ಬದಲಾದ ಗುರುತನ್ನು ತೋರಿಸಿದ ಮೇಲೆ ಮಗನು ಅವನನ್ನು ಅಪ್ಪಿಕೊಂಡನೆಂಬದನ್ನು ಮರೆಯಬಾರದು.

4. ಮಗಳ ತಂದೆಯ ಪರೀಕ್ಷೆ

ಬೋಧಕರಾದ ಸಲಿವನ್ನರು ಹೆಂಡತಿಯನ್ನು ಕಳೆದುಕೊಂಡವರು. ಇದ್ದ ಒಬ್ಬಳೇ ಮಗಳೂ ಕೈಬಿಟ್ಟು ಹೋಗುವಳೆಂದು ಬಲ್ಲವರು. ಊರಿನಲ್ಲಿ ಕೆಟ್ಟ ಹೆಸರು ಪಡೆದ ಹುಡುಗನು ಆಕೆಯ ಸುತ್ತಲೂ ಸುಳಿಯುವದನ್ನು ಕಂಡಾಗ ಅವರು ಹೆದರಿದ್ದು ಸಹಜವೇ. ಸಭೆಗೆ ಪ್ರತಿ ವಾರವೂ ಕ್ಷಮೆಯನ್ನು ಸಾರುವ ಬೋಧಕನಿಗೂ ತನ್ನ ಮಗಳ ವಿಷಯ ಬಂದಾಗ ಕ್ಷಮಿಸುವದು ಕಠಿಣ. ಚಿತ್ರವು ಇದನ್ನು ಮುಚ್ಚಿಡುವದಿಲ್ಲ.

ಅವರು ಮೆಲ್ಲಮೆಲ್ಲಗೆ ಒಪ್ಪಿದರು. ಹುಡುಗನ ಮಾತನ್ನು ಕೇಳಿ ಅಲ್ಲ, ನಡತೆಯನ್ನು ಕಂಡು. ಜೇಮೀಗೆ ಆಕಾಶದಲ್ಲಿ ಬರುವ ಧೂಮಕೇತುವನ್ನು ನೋಡಬೇಕೆಂಬ ಆಸೆಯಿತ್ತು. ಅದಕ್ಕಾಗಿ ದೊಡ್ಡ ದುರ್ಬೀನನ್ನು ತಾನೇ ಕಟ್ಟುತ್ತಿದ್ದಳು. ಆಕೆಗೆ ಶಕ್ತಿ ಸಾಲದೆ ಹೋದಾಗ ಲ್ಯಾಂಡನನು ಅದನ್ನು ಮುಗಿಸುವದಕ್ಕೆ ರಾತ್ರಿಯೆಲ್ಲಾ ಕೆಲಸ ಮಾಡಿದನು. ಆಗ ಬೋಧಕರು ಬಂದು ತಾವೂ ಕೈಹಾಕಿದರು. ಹಿಂದೆ ಒಬ್ಬರ ಮುಖವನ್ನೊಬ್ಬರು ನೋಡದವರು ಆಕೆಯ ಸಂತೋಷಕ್ಕಾಗಿ ಒಂದೇ ಕೆಲಸದಲ್ಲಿ ಕೂಡಿದರು. ಅನೇಕ ಮನೆಗಳಲ್ಲಿ ಸಮಾಧಾನವು ಹೀಗೆಯೇ ಬರುತ್ತದೆ. ಮೂರನೆಯವರೊಬ್ಬರ ಕಷ್ಟದಲ್ಲಿ ಇಬ್ಬರೂ ಕೂಡಿ ದುಡಿಯುವಾಗ ಹಗೆಗೆ ಹೊತ್ತು ಸಿಕ್ಕುವದಿಲ್ಲ.

5. ಅನುಸರಿಸಬಾರದ ಸಂಗತಿಗಳು

ಚಿತ್ರವನ್ನು ಹೊಗಳಿದ ನಾವು ಅದರ ಕೊರತೆಗಳನ್ನೂ ಹೇಳಬೇಕು. ಬಿಡುಗಡೆಯ ಕಾಲದಲ್ಲಿ ವಿಮರ್ಶಕರಲ್ಲಿ ಬಹಳ ಮಂದಿ ಇದನ್ನು ಮೆಚ್ಚಲಿಲ್ಲ. ಕಣ್ಣೀರನ್ನು ಬಲವಂತವಾಗಿ ತರಿಸುವ ಕಥೆಯೆಂದರು. ಜನರಾದರೋ ಮೆಚ್ಚಿಕೊಂಡರು. ನಮ್ಮ ತಕರಾರು ಬೇರೆ.

ಮೊದಲನೆಯದು, ರೋಗವನ್ನು ಮುಚ್ಚಿಡುವದು. ಜೇಮೀ ತನ್ನ ರೋಗವನ್ನು ಗೆಳೆಯರಿಂದಲೂ ಪ್ರಿಯನಿಂದಲೂ ಮರೆಮಾಡಿದಳು. ಕಥೆಗೆ ಅದು ಬೇಕಾಗಿತ್ತು, ಬಾಳಿಗೆ ಬೇಡ. ರಕ್ತದ ಕ್ಯಾನ್ಸರೆಂದರೆ ಎಲುಬಿನ ಮಜ್ಜೆಯಲ್ಲಿ ಕೆಟ್ಟ ರಕ್ತಕಣಗಳು, ಹೆಚ್ಚಾಗಿ ಬಿಳಿ ಕಣಗಳು, ಮಿತಿಮೀರಿ ಹುಟ್ಟಿ ಒಳ್ಳೆಯ ಕಣಗಳಿಗೆ ಸ್ಥಳವಿಲ್ಲದಂತೆ ಮಾಡುವ ರೋಗ. ಬಿಡದ ಜ್ವರ, ಬಿಳಿಚಿದ ಮೈ, ಆಯಾಸ, ಕಾರಣವಿಲ್ಲದೆ ಮೈಮೇಲೆ ಕಪ್ಪು ನೀಲಿ ಕಲೆಗಳು, ಒಸಡಿನಲ್ಲಿ ರಕ್ತ, ಇವು ಅದರ ಲಕ್ಷಣಗಳಾಗಿರಬಹುದು. ಒಂದಾನೊಂದು ಕಾಲದಲ್ಲಿ ಈ ರೋಗ ಬಂದ ಮಕ್ಕಳಿಗೆ ಬದುಕುವ ದಾರಿಯೇ ಇರಲಿಲ್ಲ. 1948ರಲ್ಲಿ ಅಮೇರಿಕಾದ ಬಾಸ್ಟನ್ ಪಟ್ಟಣದ ಡಾಕ್ಟರ್ ಸಿಡ್ನಿ ಫಾರ್ಬರರು ಅಮಿನಾಪ್ಟರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ರೋಗವು ಸ್ವಲ್ಪ ಕಾಲ ಹಿಮ್ಮೆಟ್ಟಿತೆಂದು ಪ್ರಕಟಿಸಿದರು. ಆ ಔಷಧವನ್ನು ಸಿದ್ಧಪಡಿಸಿದ ಮಂಡಲಿಯ ಮುಖಂಡರು ಭೀಮವರದಲ್ಲಿ ಹುಟ್ಟಿ ಮದ್ರಾಸಿನಲ್ಲಿ ವೈದ್ಯಕೀಯವನ್ನು ಕಲಿತ ಯಲ್ಲಾಪ್ರಗಡ ಸುಬ್ಬಾರಾಯರು. ಅಂದು ತೆರೆದ ದಾರಿಯಲ್ಲಿ ನಡೆದು ವೈದ್ಯಶಾಸ್ತ್ರವು ಬಹುದೂರ ಬಂದಿದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿನಲ್ಲಿ, ಒಳ್ಳೆಯ ಚಿಕಿತ್ಸೆ ದೊರೆಯುವ ದೇಶಗಳಲ್ಲಿ, 10 ಮಕ್ಕಳಲ್ಲಿ ಸುಮಾರು 9 ಮಂದಿ ಈಗ ಬದುಕಿ ಉಳಿಯುತ್ತಾರೆ. ಆದಕಾರಣ ಈ ಚಿತ್ರವನ್ನು ನೋಡಿ, ಕ್ಯಾನ್ಸರೆಂದರೆ ಸಾವೇ ಎಂದು ಯಾರೂ ಕೈಚೆಲ್ಲಬಾರದು. ಲಕ್ಷಣ ಕಂಡ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಆರಂಭಿಸಿದ ಚಿಕಿತ್ಸೆಯನ್ನು ನಡುವೆ ಬಿಡಬಾರದು.

ಎರಡನೆಯದು, ಮದುವೆಯ ವಯಸ್ಸು. ಕಥೆಯ ಇಬ್ಬರೂ ಶಾಲೆ ಮುಗಿಯುತ್ತಲೇ ಮದುವೆಯಾದರು. ಅವರಿಗೆ ಉಳಿದಿದ್ದ ಕಾಲವು ಅಷ್ಟೇ. ನಮ್ಮ ದೇಶದಲ್ಲಿ 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ವರುಷಗಳು ತುಂಬದೆ ಮದುವೆ ಮಾಡಕೂಡದು. ಬೇರೆಯವರ ವಿಶೇಷ ಸಂದರ್ಭವನ್ನು ನಮ್ಮ ಆತುರಕ್ಕೆ ನೆವ ಮಾಡಿಕೊಳ್ಳಬಾರದು. ಪ್ರೀತಿಯು ನಿಜವಾಗಿದ್ದರೆ ಕಾಯುವದರಿಂದ ಸಾಯುವದಿಲ್ಲ.

ಮೂರನೆಯದು, ಒಳ್ಳೇ ಹುಡುಗಿಯೊಬ್ಬಳ ಪ್ರೀತಿಯಿಂದ ಎಂಥ ಪೋಲಿ ಹುಡುಗನೂ ಸುಧಾರಿಸುವನೆಂಬ ಭ್ರಮೆ. ಲ್ಯಾಂಡನನು ಬದಲಾದದ್ದು ಜೇಮೀ ಅವನ ತಪ್ಪನ್ನು ಸಹಿಸಿದ್ದರಿಂದಲ್ಲ. ಆಕೆ ಬಾಗಿಲು ಮುಚ್ಚಿದ್ದರಿಂದ, ಅವನಿಗೆ ಕೆಲಸವಿದ್ದದ್ದರಿಂದ, ತಾನೇ ಹೋಗಿ ಕ್ಷಮೆ ಬೇಡಿದ್ದರಿಂದ.

ಮುಕ್ತಾಯ

ಚಿತ್ರದ ಕೊನೆಯಲ್ಲಿ ಲ್ಯಾಂಡನನು ಮಾವನ ಬಳಿಗೆ ಬಂದು, ಜೇಮೀ ತನ್ನ ಬಾಳಿನಲ್ಲಿ ಕಾಣಬಯಸಿದ ಅದ್ಭುತವನ್ನು ಕಾಣದೆಯೇ ಹೋದಳೆಂದು ದುಃಖಪಟ್ಟನು. ಆಕೆ ಅದನ್ನು ಕಂಡಳು, ಆ ಅದ್ಭುತವು ನೀನೇ ಎಂಬ ಅರ್ಥದ ಮಾತನ್ನು ಆ ವೃದ್ಧ ತಂದೆಯು ಹೇಳಿದನು. ತನ್ನ ಮಗಳಿಗೆ ತಕ್ಕವನಲ್ಲವೆಂದು ಒಮ್ಮೆ ಎಣಿಸಿದ ಹುಡುಗನ ವಿಷಯವಾಗಿ ಅವನು ಹೀಗೆ ಹೇಳಿದ್ದು. ರೋಗವು ವಾಸಿಯಾಗಲಿಲ್ಲ, ಸಾವು ತಪ್ಪಲಿಲ್ಲ. ಆದರೆ ಒಬ್ಬ ಮಗನು ತಂದೆಯನ್ನು ತಿರುಗಿ ಪಡೆದನು. ಮಗಳನ್ನು ಕಳೆದುಕೊಂಡ ತಂದೆಗೆ ಒಬ್ಬ ಮಗನು ದೊರೆತನು. ಹೀಯಾಳಿಸಿದ ಗೆಳೆಯರೂ ಬಂದು ತಪ್ಪನ್ನೊಪ್ಪಿಕೊಂಡರು. ಒಂದು ಚಿಕ್ಕ ಊರಿಗೆ ಇದು ಅಲ್ಪವಾದ ಅದ್ಭುತವೋ?

ನಮ್ಮ ಮನೆಗಳಲ್ಲಿಯೂ ಮಾತು ನಿಂತುಹೋದ ತಂದೆಮಕ್ಕಳು, ಅಣ್ಣತಮ್ಮಂದಿರು, ಅತ್ತೆಸೊಸೆಯರು ಇರುವರು. ಯಾರ ಆಯುಷ್ಯವು ಎಷ್ಟೆಂದು ನಮಗೆ ತಿಳಿಯದು. ಜೇಮೀಗೆ ತನ್ನ ದಿನಗಳು ಕಡಿಮೆಯೆಂದು ತಿಳಿದಿತ್ತು; ಆದಕಾರಣ ಆಕೆ ಒಂದನ್ನೂ ಹಗೆಯಲ್ಲಿ ಕಳೆಯಲಿಲ್ಲ. ನಮಗೆ ತಿಳಿಯದಿರುವದರಿಂದ ಬಹಳ ಇವೆಯೆಂದು ಎಣಿಸಿಕೊಂಡು ಕಳೆಯುತ್ತಾ ಇರುವೆವು. ಈ ಪಾಠವನ್ನು ಓದಿ ಮುಗಿಸಿದ ದಿನವೇ ಒಂದು ಬಾಗಿಲನ್ನು ತಟ್ಟಿರೆಂದು ನಮ್ಮ ಪ್ರೀತಿಯ ಬಿನ್ನಹ.

ಯೌವನಸ್ಥರ ಕೂಟದಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ಶಿಕ್ಷೆ ಅನುಭವಿಸುವದಕ್ಕೂ ಪಶ್ಚಾತ್ತಾಪಪಡುವದಕ್ಕೂ ಇರುವ ಭೇದವೇನು? ಲ್ಯಾಂಡನನು ಕ್ಲೇಯ ಬಳಿಗೆ ಹೋದದ್ದು ಯಾಕೆ ಮುಖ್ಯವಾದದ್ದು?

2. ಜೇಮೀ ಬಾಗಿಲು ಮುಚ್ಚಿದ್ದು ಕ್ಷಮೆಗೆ ವಿರೋಧವಾದದ್ದೋ? ನಿಮ್ಮ ಉತ್ತರಕ್ಕೆ ಕಾರಣ ಹೇಳಿರಿ.

3. ಲೂಕನ 15ನೇ ಅಧ್ಯಾಯದ ತಂದೆಮಗನನ್ನೂ ಈ ಕಥೆಯ ತಂದೆಮಗನನ್ನೂ ಹೋಲಿಸಿರಿ. ಯಾರು ಹೊರಟುಹೋದರು, ಯಾರು ಹಿಂದಿರುಗಿದರು?

4. ತಂದೆಯು ತಪ್ಪು ಮಾಡಿದಾಗ ಮಕ್ಕಳು ಅವನನ್ನು ಗೌರವಿಸುವದು ಹೇಗೆ?

5. ಒಬ್ಬರ ಮಾನವನ್ನು ಕಳೆಯುವ ಚಿತ್ರವಾಗಲಿ ಸುದ್ದಿಯಾಗಲಿ ನಿಮ್ಮ ಕೈಗೆ ಬಂದರೆ ಏನು ಮಾಡುವಿರಿ?

6. ನಮ್ಮ ಸಭೆಯಲ್ಲಿ ಜಾರಿಬಿದ್ದ ಹುಡುಗನಿಗೆ ಈ ತಿಂಗಳಲ್ಲಿ ನಾವು ಕೊಡಬಹುದಾದ ಕೆಲಸ ಯಾವದು?